ಅಪ್ಪನಿಗೆ ಕೇಳಿಸುವ ಜಾಗ

ಸಂಜೆ ಶಾಲೆಯಲ್ಲಿ ಕಲಿತ ಅಕ್ಷರ ನನ್ನದು. ಕಥೆ ಹೇಳುವ ಧೈರ್ಯ ಮಾಡಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ತಂಗಿಯ ಮದುವೆಗೆ ನಮ್ಮ ಕೈಗೆಟುಕುವ ಜಾಗ ಎರಡೇ ಸಿಕ್ಕವು: ಬಸ್ ನಿಲ್ದಾಣದ ಹಿಂದಿನ ಸಭಾಭವನ, ಇಲ್ಲವೇ ಅಪ್ಪ ದುಡಿದು ನಿವೃತ್ತರಾದ ಮರಗೆಲಸದ ಶೆಡ್ಡು. ಶೆಡ್ಡೆಂದರೆ ಬೀಗರು ಆಡಿಕೊಂಡಾರೆಂದು ಹೆದರಿ ನಾನು ಭವನವನ್ನೇ ಗೊತ್ತು ಮಾಡುವುದರಲ್ಲಿದ್ದೆ.

ತಂಗಿ ಅಪ್ಪನನ್ನು ಭವನಕ್ಕೆ ಕರೆತಂದಳು. ಗರಗಸದ ಸದ್ದಿನಲ್ಲೇ ಬದುಕಿದ ಅವರ ಕಿವಿ ಮಂದವಾಗಿತ್ತು. ಅವಳು ವೇದಿಕೆಯಿಂದ, "ಅಪ್ಪಾ, ಊಟ ಆಯ್ತಾ?" ಎಂದಳು. ಖಾಲಿ ಭವನದಲ್ಲಿ ಮಾತು ಗೋಡೆಯಿಂದ ಗೋಡೆಗೆ ಬಡಿದಾಡಿತು.

"ಯಾರ ಕಾಟ?" ಎಂದರು ಅಪ್ಪ.

"ಅಣ್ಣಂದೇ," ಎಂದು ತಂಗಿ ನಕ್ಕು, ನಮ್ಮಿಬ್ಬರನ್ನೂ ಶೆಡ್ಡಿಗೆ ಹೊರಡಿಸಿದಳು. ಅಲ್ಲಿ ಅಂದು ರಜೆ. ಹಲಗೆಯ ರಾಶಿ, ಮರದ ಹೊಟ್ಟಿನ ಮೂಟೆಗಳು ಮರುದನಿಯನ್ನೆಲ್ಲ ನುಂಗಿ ಕೂತಿದ್ದವು. ಅವಳು ಅದೇ ಮಾತನ್ನು ಮೆಲ್ಲಗೆ ಕೇಳಿದಳು.

"ಆಗ್ಲೇ ಆಯ್ತಲ್ಲಮ್ಮ," ಎಂದರು ಅಪ್ಪ.

"ಇಲ್ಲೇ ಆಗ್ಲಿ ಅಣ್ಣ. ಮದುವೇಲಿ ನಾನು ಗಂಡಿಗೆ ಮಾತು ಕೊಡೋದು ಅಪ್ಪನಿಗೆ ಕೇಳಿಸ್ಬೇಕು. ಬೀಗರ ಬಾಯಿಗೆ ಬೀಗ ನಾನು ಹಾಕ್ತೀನಿ."

ಮದುವೆ ಅಲ್ಲೇ ಆಯಿತು. ಅವಳು ಮಾತು ಕೊಟ್ಟಾಗ ಅಪ್ಪ ತಲೆಯಾಡಿಸಿದರು. ಕೇಳಿಸಿ ಆಡಿಸಿದರೋ, ಅವಳ ತುಟಿ ನೋಡಿ ಆಡಿಸಿದರೋ ನನಗೆ ಇಂದಿಗೂ ಗೊತ್ತಿಲ್ಲ.