ತಟ್ಟಿದರೆ ಕೂರುವ ವಾಲ್ವು

ಮನೆಯಲ್ಲಿ ಮಾವನ ಮಾತೇ ಮಾತು, ಶೈತ್ಯಾಗಾರದಲ್ಲಿ ಸೊಸೆಯ ಮಾತು. ಇಬ್ಬರೂ ಹೋಗುವುದು ಮಾವನ ಸ್ಕೂಟರಿನಲ್ಲೇ. ಹಾಗಾಗಿ ದಿನಾ ಅರ್ಧ ದಾರಿಯಲ್ಲೆಲ್ಲೋ ಅಧಿಕಾರ ಮುಂದಿನ ಸೀಟಿನಿಂದ ಹಿಂದಿನ ಸೀಟಿಗೆ ದಾಟುತ್ತಿತ್ತು.

ಹಣ್ಣು ಕೆಡದಂತೆ ಇಡುವ ಆ ಜಾಗದಲ್ಲಿ ಮಾವ ಹಳೆಯ ಆಪರೇಟರ್, ಸೊಸೆ ಹೊಸ ಇಂಜಿನಿಯರ್. ಅವಳಿಗೆ ತಲೆನೋವಾಗಿದ್ದದ್ದು ಕೋಣೆಗಳನ್ನು ತಂಪಾಗಿಡುವ ಅಮೋನಿಯಾದ ಟ್ಯಾಂಕಿನ ಮೇಲಿನ ಸೇಫ್ಟಿ ವಾಲ್ವು. ಒತ್ತಡ ಮಿತಿ ಮೀರಿದಾಗ ಮಾತ್ರ ಬಾಯಿ ಬಿಡಬೇಕಾದ ಆಸಾಮಿ ಸದಾ ಸಣ್ಣಗೆ ಸೋರುತ್ತಿತ್ತು. ಹೊಸದು ಹಾಕಿದರೂ ಅದೇ ರಾಗ, ಅದೇ ಹಾಡು. ಆ ಘಾಟಿಗೆ ಹಣ್ಣು ಆರಿಸುವ ಹೆಂಗಸರು ಕಣ್ಣೊರೆಸಿಕೊಳ್ಳುತ್ತ ಹೊರಗೆ ಓಡುತ್ತಿದ್ದರು.

ಕಾರಣ ಅವಳಿಗೆ ಗೊತ್ತಾದದ್ದು ಕಿವಿಯಿಂದ. ಠಣ್, ಠಣ್! ವಾಲ್ವು ಬುಸುಗುಟ್ಟಿದಾಗಲೆಲ್ಲ ಮಾವ ಏಣಿ ಹತ್ತಿ, ಸ್ಪ್ಯಾನರಿನಿಂದ ಅದರ ತಲೆಗೆ ಎರಡು ಬಿಗಿಯುತ್ತಿದ್ದರು.

"ತಟ್ಟಿದ್ರೆ ಕೂತ್ಕೊಳ್ಳುತ್ತೆ ಬಿಡು" ಅನ್ನುತ್ತಿದ್ದರು. ಕೂರುತ್ತಿತ್ತು, ಒಂದು ಗಳಿಗೆ.

ಈಗ ಮತ್ತೊಂದು ಹೊಸ ವಾಲ್ವು ಬಂದಿತ್ತು. ಹೇಳದಿದ್ದರೆ ಅದೂ ಹಾಳು, ಹೆಂಗಸರ ಕಣ್ಣೂ ಹಾಳು. ಹೇಳಿದರೆ ಮಾವನ ಮುಖ ಸಣ್ಣದಾಗುತ್ತದೆ. ಅವಳಿಗೆ ಈ ಕೆಲಸ ಸಿಕ್ಕಾಗ ಬೀದಿಗೆಲ್ಲ ಸಾರಿಕೊಂಡು ಬಂದವರು ಅವರೇ. ಅವರನ್ನು ನೋಯಿಸಲು ಅವಳಿಗೆ ಮನಸ್ಸಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಕಳಚಿದ ಹಳೆಯ ವಾಲ್ವನ್ನು ಮೇಜಿನ ಮೇಲೆ ಬಿಚ್ಚಿಟ್ಟು ಭೂತಗನ್ನಡಿ ಕೊಟ್ಟಳು. "ಮಾವ, ಇದೇನಾಗಿದೆ ಸ್ವಲ್ಪ ನೋಡ್ತೀರಾ?"

ಮಾವ ಒಂದು ಕಣ್ಣು ಮುಚ್ಚಿ ನೋಡಿದರು. ನೋಡುತ್ತ ನೋಡುತ್ತ ಸಿಟ್ಟು ನೆತ್ತಿಗೇರಿತು. "ಅಯ್ಯಯ್ಯೋ, ಮುಚ್ಚೋ ಜಾಗದಲ್ಲಿ ಕಸ ಸಿಕ್ಕಿದೆ. ತೆಗೆಯೋದು ಬಿಟ್ಟು ಅದರ ಮೇಲೇ ಬಡಿದು ಬಡಿದು ಗುಂಡಿ ಬೀಳಿಸಿದ್ದಾನೆ! ಯಾವ ಕಟುಕನ ಕೆಲಸ ಇದು?"

ಸೊಸೆ ಕಿಟಕಿಯಾಚೆ ಏನೋ ಬಹಳ ಮುಖ್ಯವಾದದ್ದು ಇದೆಯೆಂಬಂತೆ ನೋಡುತ್ತ ನಿಂತಳು. ಮಾವನ ಕೈ ತಾನಾಗಿ ಜೇಬಿನ ಸ್ಪ್ಯಾನರಿನ ಮೇಲೆ ಹೋಯಿತು.

"ಮೊದಲೇ ಹೇಳೋಕೆ ಏನಾಗಿತ್ತು ನಿಂಗೆ?"

"ನಿಮಗೆ ಹೇಳೋಷ್ಟು ದೊಡ್ಡವಳಾ ನಾನು?"

"ಇಲ್ಲಿ ದೊಡ್ಡವಳೇ." ಭೂತಗನ್ನಡಿ ಕೆಳಗಿಟ್ಟರು. "ಅದು ಪದೇ ಪದೇ ಬಾಯಿ ಬಿಡೋದಾದ್ರೂ ಯಾಕೆ?"

"ನೀರು ಸುರಿಯೋ ಕಂಡೆನ್ಸರ್ ತುಂಬ ಪಾಚಿ. ಶಾಖ ಹೊರಗೆ ಹೋಗಲ್ಲ, ಒತ್ತಡ ಯಾವಾಗಲೂ ಮಿತಿಯ ಅಂಚಲ್ಲೇ ಇರುತ್ತೆ. ಒಂದ್ಸಲ ಬಾಯಿ ಬಿಟ್ಟ ವಾಲ್ವಿನೊಳಗೆ ಕಸ ಕೂತ್ಕೊಳ್ಳುತ್ತೆ. ಅಂಥ ವಾಲ್ವನ್ನ ಬದಲಾಯಿಸ್ಬೇಕು ಮಾವ, ಬಡೀಬಾರ್ದು."

ಸಂಜೆ ಸ್ಕೂಟರಿನಲ್ಲಿ ಮನೆಗೆ ಬಂದರು. "ಏನು, ಇಬ್ಬರೂ ಬಾಯಿಗೆ ಬೀಗ ಹಾಕ್ಕೊಂಡು ಬಂದಿದ್ದೀರಾ?" ಎಂದು ಅತ್ತೆ ಕೇಳಿದರು. ಸೊಸೆಗೆ ಊಟ ಸೇರಲಿಲ್ಲ. ಬೆಳಗ್ಗೆ ಎದ್ದರೆ ಮಾವ ಬಸ್ಸು ಹತ್ತಿ ಆಗಲೇ ಹೋಗಿಬಿಟ್ಟಿದ್ದರು, ಸ್ಕೂಟರಿನ ಕೀಲಿಕೈ ಅವಳ ಚೀಲದ ಪಕ್ಕದಲ್ಲಿತ್ತು.

ಹೋಗಿ ನೋಡಿದರೆ ಮಾವ ಪ್ಯಾಂಟು ಮಡಚಿಕೊಂಡು ಕಂಡೆನ್ಸರಿನ ಪಾಚಿ ಉಜ್ಜುತ್ತಿದ್ದರು. ಒಳಗೆ ಹೆಂಗಸರು ಮೂಗು ಮುಚ್ಚದೆ ಹರಟುತ್ತ ಹಣ್ಣು ಆರಿಸುತ್ತಿದ್ದರು. ಹೊಸ ವಾಲ್ವಿನ ಪಕ್ಕ ಒಂದು ತಗಡು ನೇತಾಡುತ್ತಿತ್ತು, ಅದರ ಮೇಲೆ ಮಾವನ ಸೊಟ್ಟ ಅಕ್ಷರ:

"ಇದನ್ನು ಯಾರೂ ತಟ್ಟಕೂಡದು. ನಾನೂ ಸೇರಿ."