ಜಲಪಾತದ ಹಿಂದಿನ ಗೋಡೆ

"ಎಡಕ್ಕೆ. ಇನ್ನೂ ಸ್ವಲ್ಪ ಎಡಕ್ಕೆ," ಎಂದರು ಅತ್ತೆ.

ಸ್ಟೂಲಿನ ಮೇಲೆ ನಿಂತು ಜಲಪಾತದ ಚಿತ್ರವನ್ನು ಎರಡೂ ಕೈಯಿಂದ ತಬ್ಬಿ ಹಿಡಿದಿದ್ದ ಸೊಸೆ ತಿರುಗಿ ನೋಡಿದಳು. "ಹಾಕ್ತಾ ಇಲ್ಲ ಅತ್ತೆ. ತೆಗೀತಾ ಇದೀನಿ."

"ತೆಗೆಯೋದಾದ್ರೂ ನೆಟ್ಟಗೆ ತೆಗಿ."

ಅತ್ತೆಯ ಕಣ್ಣಿನ ಪೊರೆ ತೆಗೆಸಿ ತಿಂಗಳಾಗಿತ್ತು. ವರ್ಷಗಟ್ಟಲೆ ಮಂಜಿನಲ್ಲಿದ್ದ ಲೋಕ ಈಗ ಸ್ಪಷ್ಟವಾಗಿ, ಅದರಲ್ಲಿ ಯಾವುದೂ ನೆಟ್ಟಗಿಲ್ಲವೆಂಬುದು ಅವರ ಗಮನಕ್ಕೆ ಬಂದಿತ್ತು. ಗಡಿಯಾರ ಸೊಟ್ಟ, ಪರದೆ ಸೊಟ್ಟ, ಸೊಸೆಯ ಬೈತಲೆ ಸೊಟ್ಟ. ಸೋಫಾದ ಮೂಲೆಯಲ್ಲಿ ಕೂತು ದಿನವಿಡೀ ಎಲ್ಲವನ್ನೂ ಎಡಕ್ಕೋ ಬಲಕ್ಕೋ ಸರಿಸುತ್ತಿದ್ದರು. ಸರಿಯುವವಳು ಮಾತ್ರ ಸೊಸೆ.

ಬೆಳಿಗ್ಗೆ ಹೊರಡುವಾಗ ಗಂಡ ಹೇಳಿ ಹೋಗಿದ್ದ: "ದೊಡ್ಡ ಡಾಕ್ಟ್ರು ಮಧ್ಯಾಹ್ನ ಊಟಕ್ಕೆ ಬರ್ತಾರೆ. ಅವರು ಕೊಟ್ಟಿದ್ದು ಹಾಲಿನ ಗೋಡೆ ಮೇಲಿರಲಿ. ಕೂತರೆ ಎದುರಿಗೇ ಕಾಣ್ಬೇಕು."

ಅವರು ಕೊಟ್ಟಿದ್ದು ಅವರ ಆಸ್ಪತ್ರೆಯ ಫೋಟೋ. ಬೆಳಗಿನ ಹೊತ್ತಿನ ಐದು ಮಹಡಿ. ಸೂರ್ಯ ಆಂಬುಲೆನ್ಸ್ ನಿಲ್ಲುವ ಜಾಗದಿಂದಲೇ ಹುಟ್ಟುತ್ತಿದ್ದ. ರೋಗಿಗಳನ್ನು ಕಳಿಸುವ ಡಾಕ್ಟರುಗಳಿಗೆಲ್ಲ ಅದನ್ನು ಹಂಚಿದ್ದರು. ಆ ಐದು ಮಹಡಿಯಲ್ಲಿ ತನ್ನ ಹೆಸರು ಬರೆದ ಒಂದು ಬಾಗಿಲು ಬೇಕೆಂಬುದು ಅವಳ ಗಂಡನ ಆಸೆ. ಕೆಟ್ಟ ಆಸೆಯೇನೂ ಅಲ್ಲ. ಅವನೂ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಸುಲಭವಿತ್ತು.

ಅವನನ್ನು ಎಲ್ಲರೂ ಡಾಕ್ಟ್ರು ಎನ್ನುತ್ತಿದ್ದರು. ಹೆತ್ತ ತಾಯಿಯೂ. ಮದುವೆಯಾದ ಹೊಸತರಲ್ಲಿ ರೋಗಿಗಳ ಎದುರು ಚೆನ್ನಾಗಿರುವುದಿಲ್ಲವೆಂದು ಅವಳೂ ಹಾಗೆ ಕರೆಯತೊಡಗಿದ್ದು, ನಿಧಾನವಾಗಿ ಮಲಗುವ ಕೋಣೆಗೂ ಬಂದಿತ್ತು.

ಬಿಟ್ಟಿ ಸಿಕ್ಕಿದರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎನ್ನುತ್ತಾರಲ್ಲ, ಆ ಮನೆಯ ಗೋಡೆಗಳು ಹಾಗೆ ತುಂಬಿದ್ದವು. ಎಲ್ಲವೂ ಔಷಧದ ಕಂಪನಿಗಳವರು ಕೊಟ್ಟ ಚಿತ್ರಗಳು. ಹಾಲಿನ ಗೋಡೆಯ ಜಲಪಾತ ಎದೆಯುರಿಯ ಮಾತ್ರೆಯದು. ಊಟದ ಮೇಜಿನ ಹಿಂದೆ ಓಡುವ ಕುದುರೆಗಳು ಶಕ್ತಿಯ ಟಾನಿಕ್ಕಿನವು. ನಾಯಿಮರಿ ಅಪ್ಪಿಕೊಂಡ ಮಗು ಜಂತುಹುಳುವಿನ ಸಿರಪ್ಪಿನದು. ಮಲಗುವ ಕೋಣೆಯ ಸೂರ್ಯಾಸ್ತ ನಿದ್ರೆಯ ಮಾತ್ರೆಯದು. ಅದರಲ್ಲಿ ಸ್ವಲ್ಪವಾದರೂ ಔಚಿತ್ಯವಿತ್ತು. ಪ್ರತಿಯೊಂದರ ಕೆಳಗಿನ ಮೂಲೆಯಲ್ಲಿ ಔಷಧದ ಹೆಸರು. ಚೌಕಟ್ಟು ಹಾಕಿಸುವಾಗ ಅದು ಮರೆಯಾಗುವಂತೆ ಗಂಡ ಮುತುವರ್ಜಿ ವಹಿಸಿದ್ದ. ಆದರೂ ಕುದುರೆಯ ಗೊರಸಿನ ಹತ್ತಿರ ಅರ್ಧ ಅಕ್ಷರ ಇಣುಕುತ್ತಿತ್ತು.

ಅವಳು ಶಾಲೆಯಲ್ಲಿ ಡ್ರಾಯಿಂಗ್ ಮಿಸ್. ಚಿತ್ರಕಲೆ ಓದಿದವಳು. ಹತ್ತಾರು ವರ್ಷ ಎದೆಯುರಿಯ ಜಲಪಾತದ ಕೆಳಗೆ ಕೂತು ಕಾಫಿ ಕುಡಿದಿದ್ದಳು.

ಜಲಪಾತ ಮೊಳೆಯಿಂದ ಕಳಚಿತು. ಧೂಳು ಮೂಗಿಗೆ ಬಂತು. ಅವಳು ಸೀನಿ ಕಣ್ಣು ಬಿಟ್ಟಳು.

ಗೋಡೆಯ ಮೇಲೆ ಹಳದಿ ಇತ್ತು.

ಜಲಪಾತದ ಅಳತೆಗೆ ಸರಿಯಾಗಿ, ಅಂಚು ಕೊರೆದಿಟ್ಟ ಹಾಗೆ, ಮೊಟ್ಟೆಯೊಳಗಿನ ಹಳದಿ. ಸುತ್ತ ಗೋಡೆಯೆಲ್ಲ ಬೂದು. ಬಿಸಿಲು, ಹೊಗೆ, ಬೀದಿಯ ಧೂಳು, ತಲೆ ಆನಿಸಿ ಕೂತವರ ಎಣ್ಣೆ, ಎಲ್ಲ ಸೇರಿ ಆದ ಬೂದು. ಅದನ್ನೇ ಅವಳು ಗೋಡೆಯ ಬಣ್ಣವೆಂದು ಎಂದಿನಿಂದಲೋ ನಂಬಿಬಿಟ್ಟಿದ್ದಳು.

ಆ ಹಳದಿ ಅವಳು ಆರಿಸಿದ್ದು. ಮನೆಗೆ ಬರುವ ಮೊದಲು ಹಲಗೆಯ ಮೇಲೆ ಮತ್ತೆ ಮತ್ತೆ ಕಲಸಿ ತೋರಿಸಿ ಪೇಂಟರ್ ಬೇಸತ್ತು ಹೇಳಿದ್ದ: "ಇಷ್ಟು ಹಳದಿ ಕಣ್ಣಿಗೆ ಹೊಡೆಯುತ್ತೆ ಅಮ್ಮಾ." "ಹೊಡೀಲಿ," ಎಂದಿದ್ದಳು. ಆಗ ಹಾಗೆಲ್ಲ ಮಾತಾಡುತ್ತಿದ್ದಳು.

"ಯಾಕೆ ನಿಂತುಬಿಟ್ಟೆ?" ಎಂದರು ಅತ್ತೆ.

"ಹಳದಿ ಇದೆ ಅತ್ತೆ."

"ಎಲ್ಲಿ?"

"ಎದುರಿಗೇ."

"ಅದಾ? ಅದರ ಮೇಲೆ ಹಾಕಿಬಿಡು, ಕಾಣಲ್ಲ."

ಅವಳು ಇಳಿದು, ಜಲಪಾತವನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದಳು. ಆಸ್ಪತ್ರೆಯನ್ನು ಎತ್ತಿಕೊಳ್ಳಲಿಲ್ಲ. ಸ್ಟೂಲನ್ನು ಊಟದ ಮೇಜಿನ ಹಿಂದಕ್ಕೆ ಎಳೆದೊಯ್ದು ಕುದುರೆಗಳನ್ನು ಇಳಿಸಿದಳು. ಅಲ್ಲೂ ಹಳದಿ. ನಾಯಿಮರಿಯ ಹಿಂದೆಯೂ ಹಳದಿ. ಸೂರ್ಯಾಸ್ತದ ಹಿಂದೆಯೂ. ಮನೆಯ ತುಂಬ ಅವಳ ಬಣ್ಣ ಔಷಧದ ಕಂಪನಿಗಳ ಕೃಪೆಯಿಂದ ಉಳಿದುಕೊಂಡು ಬಂದಿತ್ತು. ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಸಿಟ್ಟು ಬಂತು, ಸಿಟ್ಟು ಹೋಗಲಿಲ್ಲ.

ಫೋನ್ ಬಂತು. ಗಂಡ.

"ಹಾಕಿದೆಯಾ?"

"ತೆಗೆದಿದೀನಿ."

"ಸರಿ, ಹಾಕು ಮತ್ತೆ."

"ನಮ್ಮನೆ ಗೋಡೆ ಯಾವ ಬಣ್ಣ, ಹೇಳಿ ಡಾಕ್ಟ್ರೇ."

"ಪೇಷೆಂಟ್ ಕೂತಿದಾರೆ."

"ಒಂದೇ ಮಾತು."

ಆ ಕಡೆ ಯಾರೋ ಕೆಮ್ಮಿದರು. "ಬೂದು. ಬೂದು ಥರ ಏನೋ. ಯಾಕೆ, ಏನಾದ್ರೂ ಕಲೆ ಆಗಿದೆಯಾ?"

"ಆಗಿದೆ."

"ಹಾಗಾದ್ರೆ ಕಲೆ ಮೇಲೇ ಹಾಕು," ಎಂದು ಇಟ್ಟುಬಿಟ್ಟ. ತಾಯಿ ಮಗನದು ಒಂದೇ ಬುದ್ಧಿ.

ಬೀರುವಿನ ಮೇಲೆ, ಹಳೆಯ ಹೊದಿಕೆಯೊಂದರಲ್ಲಿ ಸುತ್ತಿದ ಅವಳ ಗಂಟು ಇತ್ತು. ಕಾಲೇಜಿನಲ್ಲಿ ಬರೆದ ಮೂರು ಕ್ಯಾನ್ವಾಸ್. ಜಗಳಗಳಲ್ಲಿ ಅವಳ ಕೊನೆಯ ಅಸ್ತ್ರ ಅದು. "ನಾನೂ ಬರೀತಿದ್ದೆ" ಎಂದು ಅವಳು ಹೇಳಿದಾಗಲೆಲ್ಲ ಗಂಡ ಮೆತ್ತಗಾಗುತ್ತಿದ್ದ. "ಹಾಕೋಣ, ಒಳ್ಳೆ ಜಾಗ ನೋಡಿ ಹಾಕೋಣ," ಎನ್ನುತ್ತಿದ್ದ. ಒಳ್ಳೆಯ ಜಾಗ ಯಾವತ್ತೂ ಖಾಲಿಯಾಗಲಿಲ್ಲ.

ಇವತ್ತು ಇಡೀ ಮನೆ ಖಾಲಿಯಾಗಿತ್ತು. ಅಡುಗೆ ಆಗಿತ್ತು. ದೊಡ್ಡ ಡಾಕ್ಟರು ಕೂತು ಎದುರಿಗೆ ನೋಡಲಿ. ನೋಡಿ ಏನು ಬೇಕಾದರೂ ಅಂದುಕೊಳ್ಳಲಿ. ಅವಳು ಗಂಟು ಬಿಚ್ಚಿದಳು.

ಮೊದಲನೆಯದನ್ನು ಜಲಪಾತದ ಮೊಳೆಗೇ ಸಿಕ್ಕಿಸಿದಳು. ಕ್ಯಾನ್ವಾಸ್ ಚಿಕ್ಕದು, ಸುತ್ತ ಹಳದಿ ಉಳಿಯಿತು. ಮೆಟ್ಟಿಲ ಮೇಲೆ ಕೂತು ಬಟ್ಟೆ ಹೊಲಿಯುವ ಮುದುಕಿ.

"ಎಡಕ್ಕೆ," ಎಂದರು ಅತ್ತೆ. ಆಮೇಲೆ ಸೋಫಾದಿಂದ ಎದ್ದರು. ತೀರಾ ಹತ್ತಿರ ಬಂದು, ಹೊಸ ಕಣ್ಣಿನಿಂದ ನೋಡಿದರು. "ನೀನು ಬರೆದಿದ್ದಾ?"

"ಹೂಂ."

"ಈ ಕೈ ಎಷ್ಟು ಚೆನ್ನಾಗಿದೆ! ಸೂಜಿ ಹಿಡ್ದಿರೋದು ನೋಡು, ನಮ್ಮಮ್ಮ ಹೀಗೇ ಹಿಡೀತಿದ್ರು. ಉಳಿದಿದ್ದು ಯಾಕೆ ಮಣ್ಣಿನ ಗೊಂಬೆ ಥರ ಆಯ್ತು?"

ಅವಳು ಎರಡನೆಯದನ್ನು ಕುದುರೆಗಳ ಜಾಗದಲ್ಲಿ ಹಾಕಿದಳು. ಹಾಸ್ಟೆಲಿನ ಓಣಿ, ತುದಿಯಲ್ಲಿ ಕಿಟಕಿ.

"ಕಿಟಕಿ ಬೆಳಕು ಚೆನ್ನಾಗಿದೆ," ಎಂದರು ಅತ್ತೆ. "ಅಲ್ಲಿ ತನಕ ನಡ್ಕೊಂಡು ಹೋಗೋದೇ ಕಷ್ಟ."

ಮೂರನೆಯದು ಒಂದು ಮುಖ.

"ಅಬ್ಬಾ, ಕಣ್ಣು! ಕಣ್ಣಲ್ಲಿ ಜೀವ ಇದೆ. ಯಾರೇ ಇದು?"

"ನಾನು."

"ನೀನಾ?" ಅತ್ತೆ ಚಿತ್ರವನ್ನೂ ಸೊಸೆಯನ್ನೂ ಬದಲಿಸಿ ಬದಲಿಸಿ ನೋಡಿದರು. "ಇರಬಹುದು," ಎಂದು ಸೋಫಾಕ್ಕೆ ವಾಪಸಾದರು.

ಕಾಲೇಜಿನಲ್ಲಿ ಚಿತ್ರಕಲೆ ಕಲಿಸಿದ ಮೇಷ್ಟ್ರಿಗೆ ಒಂದು ಅಭ್ಯಾಸವಿತ್ತು. ಬೆನ್ನ ಹಿಂದೆ ಬಂದು ಸದ್ದಿಲ್ಲದೆ ನಿಲ್ಲುತ್ತಿದ್ದರು. "ಎದ್ದೇಳಮ್ಮ ಸ್ವಲ್ಪ," ಎಂದು ಅವಳ ಸ್ಟೂಲಿನ ಮೇಲೆ ತಾವು ಕೂತು, ಅವಳ ಕುಂಚವನ್ನೇ ಹಿಡಿದು ತಿದ್ದುತ್ತಿದ್ದರು. ಯಾರ ಕ್ಯಾನ್ವಾಸಿನ ಮೇಲೆ ಹೆಚ್ಚು ಹೊತ್ತು ಕೂತರೋ ಅವರು ಅದೃಷ್ಟವಂತರು. ಉಳಿದವರು ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಅವಳು ಬಹಳ ಅದೃಷ್ಟವಂತೆ. ಮುದುಕಿಯ ಕೈ ಮೇಷ್ಟ್ರದು. ಕಿಟಕಿಯ ಬೆಳಕು ಮೇಷ್ಟ್ರದು. ಅವಳ ಕಣ್ಣು, ಅವಳನ್ನು ಎಬ್ಬಿಸಿ ಪಕ್ಕಕ್ಕೆ ನಿಲ್ಲಿಸಿ, ಮೇಷ್ಟ್ರು ಬರೆದದ್ದು.

ಇದೆಲ್ಲ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಗಂಟಿನೊಳಗೆ ಕಟ್ಟಿಟ್ಟ ಮೇಲೆ ಯಾರ ಕೈ ಎಲ್ಲಿತ್ತೆಂದು ಯಾರೂ ಕೇಳಿರಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ. ಮುಚ್ಚಿಟ್ಟದ್ದೆಲ್ಲ ತನ್ನದೇ ಆಗಿ ಉಳಿಯುತ್ತದೆಂದು ನಂಬಿದ್ದಳು.

ನಾಚಿಕೆಯಾಯಿತು. ಶಾಲೆಯಲ್ಲಿ ಅವಳೂ "ಏಳು ಪುಟ್ಟಾ ಸ್ವಲ್ಪ" ಎಂದು ಮಕ್ಕಳ ಬೆಂಚಿನಲ್ಲಿ ಕೂರುತ್ತಿದ್ದಳು. ಮೊನ್ನೆ ಒಬ್ಬ ಹುಡುಗಿಯ ಆನೆಗೆ ಸರಿಯಾದ ಕಾಲು ಬರೆದುಕೊಟ್ಟಿದ್ದಳು. ಗಂಟೆ ಹೊಡೆದ ಮೇಲೆ ನೋಡಿದರೆ ಆನೆ ಬೆಂಚಿನ ಮೇಲೆಯೇ ಇತ್ತು. ಹುಡುಗಿ ಅದನ್ನು ಮನೆಗೆ ಒಯ್ದಿರಲಿಲ್ಲ.

ಮೂರೂ ಕ್ಯಾನ್ವಾಸನ್ನು ಇಳಿಸಿದಳು. ಇಳಿಸುವಾಗ ನೆಟ್ಟಗೆ ಇಳಿಸಿದಳು. ಗಂಟು ಕಟ್ಟುವ ಗೋಜಿಗೆ ಹೋಗಲಿಲ್ಲ.

ಮತ್ತೆ ಜಲಪಾತದ ಜಾಗಕ್ಕೆ ಬಂದು ನಿಂತಳು. ಈ ಮನೆಯಲ್ಲಿ ಅವಳು ಮಾಡಿದ್ದರಲ್ಲಿ ಯಾರೂ ತಿದ್ದದೆ ಬಿಟ್ಟದ್ದು ಇದೊಂದೇ. ತಿದ್ದಬಾರದೆಂದು ಬಿಟ್ಟದ್ದಲ್ಲ, ಕಾಣಲಿಲ್ಲವೆಂದು ಬಿಟ್ಟದ್ದು. ಇರಲಿ. ಉಳಿದಿತ್ತಲ್ಲ.

ಇಕ್ಕಳ ತಂದು ನೆಲದ ಮೇಲೆ ಕೂತಳು. ಜಲಪಾತದ ಬೆನ್ನಿನ ಚಿಕ್ಕ ಮೊಳೆಗಳನ್ನು ಒಂದೊಂದೇ ಕಿತ್ತು, ರಟ್ಟು ತೆಗೆದು, ಗಾಜು ಪಕ್ಕಕ್ಕಿಟ್ಟು, ನೀರನ್ನು ಹೊರಗೆಳೆದಳು. ಕಟ್ಟಿನಡಿ ಮರೆಯಾಗಿದ್ದ ಮಾತ್ರೆಯ ಹೆಸರು ದಪ್ಪ ಅಕ್ಷರದಲ್ಲಿ ಕಂಡಿತು. ದಿನಕ್ಕೆ ಎರಡು ಬಾರಿ, ಊಟದ ಮೊದಲು, ಎಂದು ಕೆಳಗಿತ್ತು. ಉಳಿದದ್ದು ಬರೀ ಕಟ್ಟು, ಬಾಗಿಲಿನ ಅರ್ಧದಷ್ಟು ದೊಡ್ಡದು. ಅದನ್ನು ಅದೇ ಮೊಳೆಗೆ, ಹಳದಿಯ ಅಂಚಿಗೆ ಅಂಚು ಕೂಡಿಸಿ ನೇತುಹಾಕಿದಳು. ಒಳಗೆಲ್ಲ ಹಳದಿ, ಹೊರಗೆಲ್ಲ ಬೂದು.

"ಚಿತ್ರ ಎಲ್ಲಿ?" ಎಂದರು ಅತ್ತೆ.

"ಇದೇ ಚಿತ್ರ."

"ಯಾರು ಬರೆದಿದ್ದು?"

"ನಾನು."

ಅತ್ತೆ ಬಹಳ ಹೊತ್ತು ನೋಡಿದರು. "ಸೊಟ್ಟ ಇದೆ," ಎಂದರು.

ಹೊರಗೆ ಗೇಟು ಸದ್ದಾಯಿತು. ಗಂಡ ಒಳಗೆ ಬಂದವನೇ, "ಹಿಂದೇನೇ ಬರ್ತಿದಾರೆ, ಕಾರು ನಿಲ್ಲಿಸ್ತಿದಾರೆ," ಎಂದು, ಅರ್ಧಕ್ಕೇ ನಿಂತ. ಬೋಳು ಗೋಡೆಗಳನ್ನು ಸುತ್ತ ನೋಡಿದ. "ಏನಿದು? ಮನೆ ಖಾಲಿ ಮಾಡ್ತಿದೀವಾ?"

"ಇಲ್ಲ."

"ಫೋಟೋ ಎಲ್ಲಿ?"

"ಅಲ್ಲೇ, ಮೂಲೇಲಿದೆ."

ಅವನು ಆಸ್ಪತ್ರೆಯನ್ನು ಎತ್ತಿಕೊಂಡು ಬಂದ. "ಸರಿ, ಜಾಗ ಬಿಡು. ನಾನೇ ಹಾಕ್ತೀನಿ."

"ಇಲ್ಲಿ ಬೇಡ."

"ಅಲ್ಲೇನಿದೆ? ಬರೀ ಗೋಡೆ."

"ಹೌದು."

"ನೋಡು, ಜಗಳ ಆಮೇಲೆ ಆಡೋಣ."

"ಆಮೇಲೆ ಯಾವತ್ತು ಆಡಿದೀವಿ?"

ಅವನು ಧ್ವನಿ ತಗ್ಗಿಸಿದ. ರೋಗ ಗಂಭೀರವಾದಾಗ ಅವನ ಧ್ವನಿ ತಗ್ಗುತ್ತಿತ್ತು. ನೆಲದ ಮೇಲಿನ ಕ್ಯಾನ್ವಾಸುಗಳು ಕಣ್ಣಿಗೆ ಬಿದ್ದವು. "ನಿನ್ನ ಚಿತ್ರ ಹಾಕ್ಬೇಕಿತ್ತಾ? ಹೇಳಬಾರದಾ? ಈ ಪಕ್ಕದ ಗೋಡೆಗೆ ಹಾಕೋಣ, ಮೂರನ್ನೂ. ಮೊಳೆ ನಾನೇ ಹೊಡ್ಕೊಡ್ತೀನಿ. ದೊಡ್ಡ ಡಾಕ್ಟ್ರಿಗೂ ತೋರಿಸೋಣ."

"ಅವು ನನ್ನವಲ್ಲ."

"ಮತ್ತೆ?"

ಹೇಳಬಹುದಿತ್ತು. ಹೇಳಿದ್ದರೆ ಅವನು ಕೇಳಿಸಿಕೊಳ್ಳುತ್ತಿದ್ದ, ತಲೆಯಾಡಿಸುತ್ತಿದ್ದ, ಅದಕ್ಕೂ ಏನಾದರೊಂದು ಬರೆದುಕೊಡುತ್ತಿದ್ದ. ಅವನು ಆಸ್ಪತ್ರೆಯನ್ನು ಎದೆಗೆ ಒತ್ತಿಕೊಂಡು, ಖಾಲಿ ಕಟ್ಟನ್ನು ಇಳಿಸಲು ಒಂದು ಕೈ ಚಾಚಿದ.

ಅವಳು ಎರಡು ಹೆಜ್ಜೆ ಹಿಂದಕ್ಕೆ ಸರಿದಳು. ಕಟ್ಟಿನ ಕೆಳಗಿನ ಪಟ್ಟಿ ಸೊಂಟಕ್ಕೆ ಒತ್ತಿತು. ಬೆನ್ನು ಗೋಡೆಗೆ ತಾಗಿತು. ಅಲ್ಲೇ ನಿಂತಳು.

"ಏನ್ ಮಾಡ್ತಿದೀಯ?"

"ನಿಂತಿದೀನಿ."

"ಹುಚ್ಚು ಹಿಡೀತಾ ನಿನಗೆ?"

"ಕಣ್ಣಿಗೆ ಹೊಡೀತಿದೆಯಾ ಡಾಕ್ಟ್ರೇ?" ಎಂದಳು. "ಹೊಡೀಲಿ."

ಕರೆಗಂಟೆ ಸದ್ದು ಮಾಡಿತು. ಗಂಡ ಬಾಗಿಲ ಕಡೆ ನೋಡಿದ, ಅವಳ ಕಡೆ ನೋಡಿದ. ಆಸ್ಪತ್ರೆಯನ್ನು ಎಲ್ಲಿಡುವುದೆಂದು ತಿಳಿಯದೆ ಕಂಕುಳಲ್ಲಿ ಇಟ್ಟುಕೊಂಡೇ ಹೋಗಿ ಬಾಗಿಲು ತೆಗೆದ.

ದೊಡ್ಡ ಡಾಕ್ಟರು ಬಂದರು, ಅವರ ಹಿಂದೆ ಅವರ ಹೆಂಡತಿ. ನಮಸ್ಕಾರ, ಬನ್ನಿ ಬನ್ನಿ, ಕೂತ್ಕೊಳ್ಳಿ. ಇಬ್ಬರೂ ಸೋಫಾದಲ್ಲಿ ಅತ್ತೆಯ ಪಕ್ಕಕ್ಕೆ ಕೂತು ಎದುರಿಗೆ ನೋಡಿದರು. ದೊಡ್ಡ ಡಾಕ್ಟರ ಹೆಂಡತಿ ತಲೆಯನ್ನು ತುಸು ವಾರೆ ಮಾಡಿದರು. ಮಾಡಿ, ಕೆಳಗಿನ ಮೂಲೆಯಲ್ಲಿ ಏನಾದರೂ ಬರೆದಿದೆಯೇ ಎಂಬಂತೆ ಅವಳ ಸೊಂಟದ ಹತ್ತಿರ ಹುಡುಕಿದರು.

ಬೆನ್ನಿನ ಬೆವರು ಗೋಡೆಗೆ ಅಂಟುತ್ತಿರುವುದು ಅವಳಿಗೆ ತಿಳಿಯುತ್ತಿತ್ತು. ನಿಂತಷ್ಟು ಹೊತ್ತೂ ಹಳದಿ ಕೆಡುತ್ತದೆ. ಸರಿದರೆ ಆಸ್ಪತ್ರೆ ಬರುತ್ತದೆ. ಇಲ್ಲಿ ನಿಂತಿರುವವಳಿಗೆ ಆ ಹಳದಿ ಕಾಣುವುದೂ ಇಲ್ಲ, ಜಲಪಾತಕ್ಕೂ ಕಂಡಿರಲಿಲ್ಲ. ಅವಳು ಕತ್ತನ್ನು ಇನ್ನಷ್ಟು ನೆಟ್ಟಗೆ ಮಾಡಿದಳು.

ಅತ್ತೆ ಕಣ್ಣು ಕಿರಿದು ಮಾಡಿ ಅಳೆದು ನೋಡಿದರು.

"ಎಡಕ್ಕೆ," ಎಂದರು. "ಇನ್ನೂ ಸ್ವಲ್ಪ ಎಡಕ್ಕೆ."

ಅವಳ ಕಾಲು ರೂಢಿಯಂತೆ ಎಡಕ್ಕೆ ಎದ್ದಿತು. ಅದನ್ನು ಅವಳು ಗಾಳಿಯಲ್ಲೇ ತಡೆದು ಹಿಡಿದಳು.