ಯಾರ ಅಳತೆಯ ಕಷಾಯ?

ಆ ಬೀದಿಯ ಟೈಲರ್ ಅಂಗಡಿಯಲ್ಲಿ ಸೂಜಿಗೇನೂ ಬರವಿರಲಿಲ್ಲ. ಮೆಷಿನ್ನಿನಲ್ಲಿ ಸೂಜಿ, ಬಟ್ಟೆಯ ಪುಟ್ಟ ದಿಂಬಿನಲ್ಲಿ ಸೂಜಿ, ಬರಿಗಾಲಲ್ಲಿ ಒಳಗೆ ಬಂದವರ ಅಂಗಾಲಿನಲ್ಲೂ ಒಮ್ಮೊಮ್ಮೆ ಸೂಜಿ. ಆದರೂ ಟೈಲರಿಗೆ ಲೋಕದಲ್ಲಿದ್ದ ಒಂದೇ ಭಯವೆಂದರೆ ಡಾಕ್ಟರ ಕೈಯ ಸೂಜಿ.

ಅಂಗಡಿಯ ನಿಜವಾದ ಯಜಮಾನಿ ಅವನ ತಾಯಿ. ಕೊರಳಲ್ಲಿ ಸದಾ ಟೇಪು ನೇತಾಡುತ್ತಿದ್ದುದರಿಂದ ಬೀದಿಯವರಿಗೆಲ್ಲ ಅವಳು ಅಳತೆಯಮ್ಮ. ಮಗ ಕತ್ತರಿ ಎತ್ತಿದರೆ ಸಾಕು, ಒಳಗಿನಿಂದ "ಯಾರ ಅಳತೆ ಇದು?" ಎಂಬ ಪ್ರಶ್ನೆ ಬರುತ್ತಿತ್ತು. ಉತ್ತರ ಹೇಳದೆ ಬಟ್ಟೆಗೆ ಕತ್ತರಿ ಹಾಕುವಂತಿರಲಿಲ್ಲ.

ಮನೆಯಲ್ಲಿ ಎಲ್ಲ ಇತ್ತು, ಮಗು ಮಾತ್ರ ಇರಲಿಲ್ಲ. ಟೈಲರಿಗೆ ಮದುವೆಯಾಗಿ ವರ್ಷಗಳೇ ಕಳೆದಿದ್ದವು. ಅಂಗಿಗೆ ಗುಂಡಿ ಹಾಕಿಸಲು ಬಂದವರೂ ಸೊಸೆಯ ಹೊಟ್ಟೆಯ ಕಡೆ ಒಮ್ಮೆ ನೋಡಿಯೇ ಹೋಗುತ್ತಿದ್ದರು. ಅವಳು ತಲೆ ತಗ್ಗಿಸಿ ಗುಂಡಿತೂತಿನ ಕಾಜಾ ಹೊಲಿಯುತ್ತಿದ್ದಳು. ರಾತ್ರಿ ನಿದ್ದೆ ಬರುತ್ತಿಲ್ಲವೆಂದು ಯಾರಿಗೂ ಹೇಳಿರಲಿಲ್ಲ.

ಒಂದು ದಿನ ಹತ್ತಿರದ ಆಸ್ಪತ್ರೆಯ ನರ್ಸಕ್ಕ ತನ್ನ ಸಮವಸ್ತ್ರ ಸೊಂಟದಲ್ಲಿ ಬಿಗಿಯಾಯಿತೆಂದು ಅಂಗಡಿಗೆ ಬಂದಳು. ಬಟ್ಟೆ ನೀರಿಗೆ ಕುಗ್ಗಿದೆ ಎಂದು ಅವಳು ವಾದಿಸಿದಳು, ಅಳತೆಯಮ್ಮ ಟೇಪು ತೋರಿಸಿ ಬಾಯಿ ಮುಚ್ಚಿಸಿದಳು. ಮಾತು ಮಗುವಿನ ಕಡೆ ತಿರುಗಿದಾಗ ನರ್ಸಕ್ಕ ನೇರವಾಗಿ ಕೇಳಿದಳು. "ಇಬ್ಬರೂ ಪರೀಕ್ಷೆ ಮಾಡಿಸಿದ್ದೀರಾ?"

ಅಳತೆಯಮ್ಮ ಸೊಸೆಯನ್ನು ಮುಂದಕ್ಕೆ ತಳ್ಳಿದಳು.

"ಇಬ್ಬರೂ ಅಂದೆ ಅಮ್ಮ. ಸೊಸೆ ಒಬ್ಬಳೇ ಇಬ್ಬರಾಗ್ತಾಳಾ?"

ಟೈಲರು ಬಿದ್ದ ಗುಂಡಿ ಹುಡುಕುವ ನೆಪದಲ್ಲಿ ಮೆಷಿನ್ನಿನ ಕೆಳಗೆ ಸೇರಿಕೊಂಡ. ಯಾವ ಗುಂಡಿಯೂ ಬಿದ್ದಿರಲಿಲ್ಲ.

ಕೊನೆಗೆ ಇಬ್ಬರೂ ಆಸ್ಪತ್ರೆಗೆ ಹೋದರು. ರಕ್ತ ಕೊಡುವಾಗ ಟೈಲರು ಕಣ್ಣುಮುಚ್ಚಿ ಹೆಂಡತಿಯ ಕೈ ಹಿಂಡಿದ್ದಕ್ಕೆ ಅವಳ ಬಳೆ ಮುರಿಯಿತು. ಅವನದೆಲ್ಲ ಸರಿಯಾಗಿತ್ತು. ಅವಳಿಗೆ ಥೈರಾಯ್ಡ್ ತೊಂದರೆ ಇತ್ತು, ಮಾತ್ರೆ ಶುರುವಾಯಿತು. ನಿದ್ದೆಯಿಲ್ಲ, ಬೆನ್ನುನೋವು ಎಂದು ಅವಳು ಮೊದಲ ಬಾರಿಗೆ ಬಾಯಿಬಿಟ್ಟಾಗ, ಬೇಕಿದ್ದರೆ ಜೊತೆಗೆ ಅಕ್ಯುಪಂಕ್ಚರ್ ಮಾಡಿಸಿಕೊಳ್ಳಬಹುದು ಎಂದರು ಡಾಕ್ಟರು. ಅದನ್ನು ಕಲಿತು ಅನುಮತಿ ಪಡೆದ ಡಾಕ್ಟರಮ್ಮ ಅದೇ ಆಸ್ಪತ್ರೆಯಲ್ಲಿದ್ದರು.

ಚೀನಾದಿಂದ ಬಂದ ಸೂಜಿ ವೈದ್ಯವೆಂದರೆ ಅಳತೆಯಮ್ಮ ಸುಮ್ಮನಿರುವಳೇ? ತಾನೇ ಮುಂದೆ ನಿಂತು ಸೂಜಿ ಪರೀಕ್ಷಿಸಿದಳು. ಕೂದಲಿನಷ್ಟು ಸಣ್ಣ, ಅದಕ್ಕೆ ಕಣ್ಣೂ ಇಲ್ಲ. ಒಂದು ಸಲ ಬಳಸಿ ಎಸೆಯುತ್ತಾರೆಂದು ತಿಳಿದಾಗಲಂತೂ ಅವಳ ಹೊಟ್ಟೆ ಉರಿಯಿತು. ತನ್ನ ಮನೆಯಲ್ಲಿ ಮೊಂಡಾಗುವವರೆಗೂ ಒಂದು ಸೂಜಿ ಬಿಡುವುದಿಲ್ಲ ಎಂದು ಹೇಳಿಯೂ ಹೇಳಿದಳು. ಬಟ್ಟೆಗೆ ಅದು ಸರಿ, ಒಬ್ಬರ ಮೈಗೆ ಚುಚ್ಚಿದ್ದು ಇನ್ನೊಬ್ಬರ ಮೈಗೆ ಹೋದರೆ ರೋಗವೂ ಜೊತೆಗೆ ಹೋಗುತ್ತದೆ ಎಂದರು ಡಾಕ್ಟರಮ್ಮ. ಆಮೇಲೆ ಒಂದು ಮಾತು ಬಿಡಿಸಿ ಹೇಳಿದರು.

"ಸೂಜಿ ಚುಚ್ಚಿದ್ದಕ್ಕೇ ಮಗು ಆಗುತ್ತೆ ಅಂತ ನಾನು ಮಾತು ಕೊಡಲ್ಲ. ನೋವು ಕಡಿಮೆ ಆಗಬಹುದು, ಮನಸ್ಸು ಹಗುರ ಆಗಬಹುದು. ಮಾತ್ರೆ ಮಾತ್ರ ನಿಲ್ಲಿಸಬೇಡಿ."

ಸೂಜಿ ಇಟ್ಟು ಸ್ವಲ್ಪ ಹೊತ್ತಿಗೆ ಸೊಸೆಯ ಗೊರಕೆ ಹೊರಗಿನ ಬೆಂಚಿನವರೆಗೂ ಕೇಳಿಸಿತು. ಅಳತೆಯಮ್ಮ ಬೇರೆಯವರ ಮುಂದೆ ನಾಚಿದಳು, ಒಳಗೊಳಗೇ ಮರುಗಿದಳು. ಈ ಹುಡುಗಿ ಎಷ್ಟು ದಿನದಿಂದ ನಿದ್ದೆಗೆಟ್ಟಿದ್ದಳೋ ಏನೋ. ಮುಂದಿನ ಸಲ ಟೈಲರೂ ತನ್ನ ಕತ್ತುನೋವಿಗೆಂದು ಮಲಗಿ, ಹಲ್ಲು ಕಚ್ಚಿಕೊಂಡು, ಯಾವಾಗ ಚುಚ್ಚುತ್ತೀರಿ ಎಂದು ಕೇಳಿದ. ಡಾಕ್ಟರಮ್ಮ ಆಗಲೇ ಸೂಜಿ ತೆಗೆದು ಕೈ ತೊಳೆಯುತ್ತಿದ್ದರು.

ಕೆಲವು ತಿಂಗಳ ಮೇಲೆ ಸೊಸೆ ಬಸುರಿಯಾದಳು. ಮಾತ್ರೆಯ ಪಾಲೆಷ್ಟು, ನಿದ್ದೆಯ ಪಾಲೆಷ್ಟು ಎಂದು ಡಾಕ್ಟರೇ ಹೇಳಲಿಲ್ಲ, ಅಳತೆಯಮ್ಮ ಮಾತ್ರ ಪೂರಾ ಕೀರ್ತಿಯನ್ನು ಸೂಜಿಗೇ ಕೊಟ್ಟು ಬೀದಿಯಲ್ಲೆಲ್ಲ ಸಾರಿದಳು.

ಹಿಂದೆಯೇ ವಾಂತಿ ಶುರುವಾಯಿತು. ಸೊಸೆ ಬಚ್ಚಲಿನ ಮುಂದೆ ಕೂತರೆ ಏಳುತ್ತಿರಲಿಲ್ಲ. ಎದುರುಮನೆಯ ಬೇಕರಿಯಾಕೆ ಕನಿಕರಪಟ್ಟು ಒಂದು ಪೊಟ್ಟಣ ತಂದುಕೊಟ್ಟಳು. ಒಳಗೆ ಬೇರು, ತೊಗಟೆ, ಒಣಗಿದ ಏನೇನೋ. ಅವಳ ಮಗಳು ಮುಟ್ಟಿನ ತೊಂದರೆಗೆ ಕುಡಿದು ಉಳಿದ ಚೀನೀ ಔಷಧವಂತೆ. ಸೂಜಿಯೂ ಅವರದೇ, ಬೇರೂ ಅವರದೇ, ಇನ್ನೇನು ಯೋಚನೆ ಎಂದುಕೊಂಡ ಅಳತೆಯಮ್ಮ ಕುದಿಸಿ, ಸೋಸಿ, ಲೋಟ ಸೊಸೆಯ ಕೈಗಿಟ್ಟಳು.

ಸೊಸೆ ಲೋಟವನ್ನು ತುಟಿಯವರೆಗೂ ತಂದು ನಿಲ್ಲಿಸಿದಳು. ಅತ್ತೆಗೆ ಎದುರು ಮಾತಾಡಿ ಅಭ್ಯಾಸವಿಲ್ಲ. ಆದರೆ ಇಷ್ಟು ವರ್ಷ ಕಾದ ಕೂಸು ಹೊಟ್ಟೆಯಲ್ಲಿತ್ತು.

"ಅತ್ತೆ, ಯಾರ ಅಳತೆ ಇದು?"

ಅಂಗಡಿಯಲ್ಲಿ ಮೆಷಿನ್ನು ನಿಂತಿತು. ಅಳತೆಯಮ್ಮನ ಕೈ ಕೊರಳಿನ ಟೇಪಿಗೆ ಹೋಯಿತು. ಕರವಸ್ತ್ರಕ್ಕೂ ಅಳತೆ ಕೇಳುವವಳು ಕಷಾಯಕ್ಕೆ ಕೇಳಿರಲಿಲ್ಲ. ಲೋಟ ಹಿಂದಕ್ಕೆ ತೆಗೆದುಕೊಂಡು ಮೆಲ್ಲಗೆ ಹೇಳಿದಳು. "ನಿನ್ನ ಸಂಕಟ ನೋಡೋಕಾಗಲಿಲ್ಲ ಕಣಮ್ಮ. ಅದಕ್ಕೇ ದುಡುಕಿದೆ."

ಪೊಟ್ಟಣ ಹಿಡಿದು ಎಲ್ಲರೂ ಆಸ್ಪತ್ರೆಗೆ ಹೋದರು. ಡಾಕ್ಟರಮ್ಮ ಬಿಚ್ಚಿ ನೋಡಿದರು. ಅದರಲ್ಲಿ ಬಸುರಿಯರಿಗೆ ಕೊಡಲೇಬಾರದ ಬೇರೂ ಇತ್ತು. ಬೇರಲ್ಲವೇ, ಏನಾದೀತು ಎಂದು ಅಳತೆಯಮ್ಮ ಗೊಣಗಿದ್ದಕ್ಕೆ, ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದಳು ಅಲ್ಲೇ ಇದ್ದ ನರ್ಸಕ್ಕ. ಬಸುರಿಯೆಂದು ಮೊದಲೇ ಹೇಳಬೇಕು, ಆಗ ಸೂಜಿಯನ್ನೂ ಕೆಲವು ಜಾಗದಲ್ಲಿ ಇಡುವುದಿಲ್ಲ ಎಂದರು ಡಾಕ್ಟರಮ್ಮ. ವಾಂತಿಗೆ ಮಣಿಕಟ್ಟಿನ ಒಳಭಾಗದಲ್ಲಿ ಒತ್ತುವ ಜಾಗ ತೋರಿಸಿಕೊಟ್ಟರು. ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಒತ್ತುತ್ತಾ ಕೂರದೆ ನೇರವಾಗಿ ಆಸ್ಪತ್ರೆಗೆ ಬರಬೇಕೆಂದರು.

ಒತ್ತುವ ಕೆಲಸ ಅಳತೆಯಮ್ಮನಿಗೆ ಹಿಡಿಸಿತು. ಸೊಸೆಯ ಮಣಿಕಟ್ಟು ಅಳೆದು, ಎಲಾಸ್ಟಿಕ್ ಪಟ್ಟಿಗೆ ಕೋಟಿನ ಗುಂಡಿಯೊಂದನ್ನು ಹೊಲಿದು, ಗುಂಡಿ ಸರಿಯಾದ ಜಾಗಕ್ಕೇ ಕೂರುವಂತೆ ಮಾಡಿ ಡಾಕ್ಟರಮ್ಮನಿಗೆ ತೋರಿಸಿ ಒಪ್ಪಿಸಿಕೊಂಡಳು. ಸೊಸೆಗೆ ಸ್ವಲ್ಪ ಹಾಯೆನಿಸಿತು.

ಹೆಣ್ಣುಮಗು ಹುಟ್ಟಿತು. ಹುಟ್ಟಿದ ಕೂಡಲೇ ಅಜ್ಜಿ ಅಳತೆ ತೆಗೆದಳು. ಬಾಣಂತಿಯ ಬೆನ್ನುನೋವಿಗೆ ಹೆರಿಗೆ ಡಾಕ್ಟರನ್ನು ಕೇಳಿಕೊಂಡೇ ಮತ್ತೆ ಸೂಜಿ ಹಾಕಿಸಿದರು. ಒಂದು ಬೆಳಿಗ್ಗೆ ಬಾಣಂತಿಗೆ ಮೈ ಸುಡುವಷ್ಟು ಜ್ವರ ಬಂದಾಗ ಟೈಲರು ಸೂಜಿಗೇ ಹೋಗೋಣ ಎಂದ. ಒಂದು ಕಾಲದಲ್ಲಿ ಮೆಷಿನ್ನಿನ ಕೆಳಗೆ ಅಡಗಿದವನು ಈಗ ಭಕ್ತನಾಗಿದ್ದ. ಅವನ ತಾಯಿ ಬೈದು, ನೇರವಾಗಿ ಹೆರಿಗೆ ಡಾಕ್ಟರ ಹತ್ತಿರ ಕರೆದೊಯ್ದಳು. ಸೋಂಕಿತ್ತು, ಸಮಯಕ್ಕೆ ಔಷಧ ಸಿಕ್ಕಿ ವಾಸಿಯಾಯಿತು.

ಆ ವಾರವೇ ಬೇಕರಿಯಾಕೆ ಬಾಣಂತಿಗೆಂದು ಹೊಸ ಪೊಟ್ಟಣದೊಂದಿಗೆ ಬಂದಳು. ಅಳತೆಯಮ್ಮ ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡು, ಕೊರಳಿನ ಟೇಪು ಸರಿಮಾಡಿಕೊಂಡಳು.

"ಯಾರ ಅಳತೆ ಇದು? ಅಂಗಿ ಕೆಟ್ಟರೆ ಬಿಚ್ಚಿ ಹೊಲಿಬಹುದು ಕಣೇ. ನನ್ನ ಸೊಸೇನ ಬಿಚ್ಚಿ ಹೊಲಿಯೋಕೆ ನನಗೆ ಬರಲ್ಲ."

ಅಕ್ಕಂದಿರೇ, ಅಣ್ಣಂದಿರೇ, ಮಗು ತಡವಾದರೆ ಇಬ್ಬರೂ ಪರೀಕ್ಷೆ ಮಾಡಿಸಿ. ಅಕ್ಯುಪಂಕ್ಚರ್ ಬೇಕೆನಿಸಿದರೆ ಕಲಿತವರ ಬಳಿಗೇ ಹೋಗಿ, ಹೊಸ ಸೂಜಿಯ ಪ್ಯಾಕೆಟ್ಟನ್ನು ನಿಮ್ಮೆದುರೇ ಒಡೆಯಲಿ. ಬಸುರಿಯಾಗಿದ್ದರೆ, ಆಗಿರಬಹುದು ಎಂಬ ಅನುಮಾನವಿದ್ದರೂ, ಮೊದಲೇ ಹೇಳಿ. ಡಾಕ್ಟರು ಕೊಟ್ಟ ಮಾತ್ರೆ ನಿಲ್ಲಿಸಬೇಡಿ. ಜ್ವರ, ಹೆಚ್ಚು ರಕ್ತಸ್ರಾವ, ತಡೆಯಲಾಗದ ವಾಂತಿ ಕಂಡರೆ ಆಸ್ಪತ್ರೆಗೆ ಓಡಿ. ಯಾರಾದರೂ ಪ್ರೀತಿಯಿಂದ ಬೇರು, ಪುಡಿ, ಕಷಾಯ ತಂದರೆ ಪ್ರೀತಿಯನ್ನು ಇಟ್ಟುಕೊಳ್ಳಿ, ಲೋಟವನ್ನು ತುಟಿಗೆ ತಾಗಿಸುವ ಮುಂಚೆ ಡಾಕ್ಟರ ಹತ್ತಿರ ಒಯ್ದು ಆ ಸೊಸೆಯ ಪ್ರಶ್ನೆ ಕೇಳಿ.